ಡೆಸ್ಕ್‌ಟಾಪ್ ಆ್ಯಪ್ ಬರೆಯೋದು ಕಲಿಯೋಕೆ ಮೊದಲ ಪುಸ್ತಕ ಯಾವುದು?

ಕಪಾಟಿನ ಹುಳು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕನ್ನಡ ಸಂಘದ ಮಾಳಿಗೆ ಮೇಲೆ ಒಂದು ಪುಟ್ಟ ಗ್ರಂಥಾಲಯ ಇದೆ. ನಾಲ್ಕು ಸಾವಿರದಷ್ಟು ಪುಸ್ತಕ, ವಾರಕ್ಕೆ ಮೂರು ಸಂಜೆ ಬಾಗಿಲು ತೆಗೀತೀವಿ. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದರು ಅನ್ನೋದೆಲ್ಲ ಇವತ್ತಿಗೂ ಉದ್ದನೆ ರಿಜಿಸ್ಟರಿನಲ್ಲೇ. ಅದನ್ನ ಕಂಪ್ಯೂಟರಿಗೆ ತರೋ ಕೆಲಸ ನನ್ನ ತಲೆಗೆ ಬಂದಿದೆ. ನಾನೇ ಕೈಯೆತ್ತಿದ್ದು, ಯಾರನ್ನೂ ದೂರೋ ಹಾಗಿಲ್ಲ.

ಪೈಥಾನ್ ಅಲ್ಪಸ್ವಲ್ಪ ಬರುತ್ತೆ. ಲೂಪ್, ಫಂಕ್ಷನ್, ಡಿಕ್ಷನರಿ ಸರಿ. ಕ್ಲಾಸ್ ಅಂದ್ರೆ ಇನ್ನೂ ಸ್ವಲ್ಪ ಭಯ. ಕಪ್ಪು ಪರದೆಯಲ್ಲಿ ಒಂದೊಂದೇ ಪ್ರಶ್ನೆ ಕೇಳೋ ಪ್ರೋಗ್ರಾಂ ಒಂದನ್ನ ಬರೆದು ತೋರಿಸಿದೆ. ಗ್ರಂಥಾಲಯ ನೋಡಿಕೊಳ್ಳೋರು ನಿವೃತ್ತ ಮೇಷ್ಟ್ರು. ಪರದೆ ನೋಡಿ "ಇದು ಕೆಟ್ಟುಹೋಗಿದೆಯೇನಪ್ಪಾ?" ಅಂತ ಕೇಳಿದರು. ಅಲ್ಲಿಗೆ ಗೊತ್ತಾಯ್ತು, ಕಿಟಕಿ, ಬಟನ್, ಪಟ್ಟಿ ಎಲ್ಲ ಇರೋ, ಜಿಯುಐ ಅಂತಾರಲ್ಲ ಅಂಥ ಆ್ಯಪೇ ಬೇಕು.

ಕೈಯಲ್ಲಿ ಮೂರು ಆಯ್ಕೆ ಇದೆ. ಒಂದು, ಅಲನ್ ಡಿ. ಮೂರ್ ಅವರ ಟಿಕಿಂಟರ್ (ಪೈಥಾನಿನಲ್ಲಿ ಕಿಟಕಿ, ಬಟನ್ ಮಾಡೋ ಸಲಕರಣೆ) ಪುಸ್ತಕ, 2021ರ ಎರಡನೇ ಆವೃತ್ತಿ. ಎರಡು, ಮಾರ್ಕ್ ಸಮರ್‌ಫೀಲ್ಡ್ ಅವರ 'ರ್‍ಯಾಪಿಡ್ ಜಿಯುಐ ಪ್ರೋಗ್ರಾಮಿಂಗ್ ವಿತ್ ಪೈಥಾನ್ ಆ್ಯಂಡ್ ಕ್ಯೂಟಿ', ಕ್ಯೂಟಿನೂ ಅಂಥದ್ದೇ ಸಲಕರಣೆ, ಅವೆನ್ಯೂ ರಸ್ತೆಯಲ್ಲಿ ಈ ಪುಸ್ತಕದ ಹಳೇ ಪ್ರತಿ ಸಿಕ್ತು, ಬೆಲೆನೂ ಕಮ್ಮಿ. ಮೂರು, ಚಾರ್ಲ್ಸ್ ಪೆಟ್ಜೋಲ್ಡ್ ಅವರ 'ಪ್ರೋಗ್ರಾಮಿಂಗ್ ವಿಂಡೋಸ್'. ನಮ್ಮ ಚಿಕ್ಕಪ್ಪ "ಕಲಿಯೋದಾದ್ರೆ ಅದನ್ನೇ ಕಲಿ" ಅಂತಾರೆ. ಮೂರೂ ಕೊಳ್ಳೋ ಶಕ್ತಿ ಇಲ್ಲ, ಮೂರೂ ಓದೋ ತಾಳ್ಮೆ ಮೊದಲೇ ಇಲ್ಲ. ಯಾವುದು?


ಸಜ್ಜಿಗೆ ಬಜಿಲ್
ಭಾನುವಾರ, ರಾತ್ರಿ 10:15

ಎಂತದ್ದು ಯೋಚನೆ ಮಾರಾಯ್ರೆ, ಟಿಕಿಂಟರ್ ಹಿಡಿಯಿರಿ. ಪೈಥಾನ್ ಜೊತೆಗೇ ಬರ್ತದೆ, ಬೇರೆ ಎಂತದ್ದೂ ಹಾಕಿಕೊಳ್ಳಲಿಕ್ಕಿಲ್ಲ. ಲಿನಕ್ಸಿನಲ್ಲಿ ಕೆಲವೊಮ್ಮೆ ಒಂದು ಪ್ಯಾಕೇಜು ಬೇರೆಯಾಗಿ ಹಾಕಬೇಕಾಗ್ತದೆ, ಅಷ್ಟೇ. ಮೂರ್ ಅವರ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ. ಕೃಷಿ ಪ್ರಯೋಗಾಲಯವೊಂದರ ದಾಖಲೆ ತುಂಬುವ ಆ್ಯಪ್ ಉಂಟಲ್ಲ, ಅದೊಂದನ್ನೇ ಶುರುವಿಂದ ಕೊನೆವರೆಗೆ ಬೆಳೆಸ್ತಾ ಹೋಗ್ತಾರೆ. ಅಧ್ಯಾಯಕ್ಕೊಂದು ಆಟಿಕೆ ಮಾಡಿ ಬಿಸಾಡುವ ಕ್ರಮ ಇಲ್ಲ. ನಿಮ್ಮದೂ ಫಾರ್ಮ್ ತುಂಬುವ ಕೆಲಸವೇ ಅಲ್ವಾ? ಗಿಡದ ಎತ್ತರ ಬರೆಯುವಲ್ಲಿ ಪುಸ್ತಕದ ಹೆಸರು ಬರೆಯಿರಿ, ಮುಗೀತು.

ಅದು ಬರುವವರೆಗೆ ಮಾರ್ಕ್ ರೋಸ್‌ಮನ್ ಅವರ ಟಿಕೆಡಾಕ್ಸ್ ಪಾಠಗಳನ್ನು ಓದಿ, ಪುಕ್ಕಟೆ ಉಂಟು.

ಮೊದಲ ವಾರದಲ್ಲೇ ನೀವು ಬೀಳುವ ಹೊಂಡಗಳನ್ನು ಈಗಲೇ ಹೇಳಿಬಿಡ್ತೇನೆ. ಬಟನಿಗೆ ಫಂಕ್ಷನ್ ಕೊಡುವಾಗ ಹೆಸರು ಮಾತ್ರ ಕೊಡಬೇಕು. ಮುಂದೆ ಆವರಣ ಚಿಹ್ನೆ ಹಾಕಿದರೆ ಕಿಟಕಿ ತೆರೆಯುವ ಮೊದಲೇ ಅದು ಓಡಿ ಮುಗಿದಿರ್ತದೆ, ಆಮೇಲೆ ಬಟನ್ ಎಷ್ಟು ಒತ್ತಿದರೂ ಸುಮ್ಮನೆ. ಬಟನ್ ಮುಂತಾದ್ದನ್ನು ಜೋಡಿಸಲಿಕ್ಕೆ ಪ್ಯಾಕ್, ಗ್ರಿಡ್ ಅಂತ ಎರಡು ಕ್ರಮ ಉಂಟು, ಒಂದೇ ಚೌಕಟ್ಟಿನೊಳಗೆ ಎರಡನ್ನೂ ಬೆರೆಸಬೇಡಿ. ಹಿಂದೆಲ್ಲ ಪ್ರೋಗ್ರಾಂ ಅಲ್ಲೇ ಗಿರಗಿಟ್ಲೆ ತಿರುಗ್ತಾ ಇತ್ತು, ಈಗ ಪುಣ್ಯಕ್ಕೆ ಎರರ್ ಕೊಡ್ತದೆ. ಮತ್ತೆ, ಚಿತ್ರ ಹಾಕಿ ಅದು ಕಾಣದಿದ್ದರೆ ಕಣ್ಣಿನ ಡಾಕ್ಟ್ರ ಹತ್ರ ಹೋಗಬೇಡಿ. ಆ ಚಿತ್ರವನ್ನು ಯಾವುದಾದರೂ ವೇರಿಯೇಬಲ್ಲಿನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಪೈಥಾನ್ ಅದನ್ನು ಕಸ ಅಂತ ಗುಡಿಸಿ ಹಾಕ್ತದೆ.


ಬೆಳವಲದ ಬಿಸಿಲು
ಭಾನುವಾರ, ರಾತ್ರಿ 11:02

ಅವೆನ್ಯೂ ರಸ್ತೆ ಪುಸ್ತಕ ತಗೋಬ್ಯಾಡ್ರಿ. ಪುಸ್ತಕ ಕೆಟ್ಟದ್ದು ಅಂತ ಅಲ್ಲ, ಭಾಳ ಛಲೋ ಪುಸ್ತಕ ಅದು. ಆದ್ರ ಇಸವಿ ನೋಡ್ರಿ: 2007. ಅದರಾಗಿನ ಪೈಥಾನ್ ಎರಡನೇ ಸರಣಿದು, ಪೈಕ್ಯೂಟಿ (ಪೈಥಾನಿನಿಂದ ಕ್ಯೂಟಿ ಬಳಸೂ ಕೊಂಡಿ) ನಾಲ್ಕನೇದು. ಆಗ ಸಿಗ್ನಲ್ (ಬಟನ್ ಒತ್ತಿದ್ರು ಅಂತ ತಿಳಿಸೂ ಸುದ್ದಿ) ಹೆಸರನ್ನ ಉದ್ಧರಣ ಚಿಹ್ನೆ ಒಳಗ ಬರೀತಿದ್ರು, ಆ ಪದ್ಧತಿನ ಈಗ ಇಲ್ಲ. ಐದನೇ ಸರಣಿಗೆ ಬಂದಾಗ ಬಟನ್, ಲೇಬಲ್ ಎಲ್ಲಾ ಒಂದು ಮಾಡ್ಯೂಲಿನಿಂದ ಎದ್ದು ಬ್ಯಾರೆ ಮಾಡ್ಯೂಲಿಗೆ ಸಂಸಾರ ಹೂಡಿದ್ವು. ಆರನೇದರಾಗ 'ಮಧ್ಯಕ್ಕ ಜೋಡಿಸು' ಅನ್ನೋ ಒಂದು ಮಾತಿಗೂ ಪೂರ್ತಿ ವಿಳಾಸ ಬರೀಬೇಕು. ಕ್ಯೂಟಿ 4 ಬಂದದ್ದು 2005ರಾಗ, 5 ಬಂದದ್ದು 2012ರಾಗ, 6 ಬಂದದ್ದು 2020ರಾಗ. ಮೂರು ಸಲ ಮನಿ ಬದಲಿ ಮಾಡಿದವರ ಹಳೇ ವಿಳಾಸ ಹಿಡಕೊಂಡು ಪೋಸ್ಟ್‌ಮನ್ ತಿರಗಿದಂಗ ಆಗತದ ನಿಮ್ಮ ಗತಿ.

ನಾಲ್ಕನೇ ಅಧ್ಯಾಯದಾಗ ಎಪ್ಪತ್ತು ಸಾಲಿನ ಒಂದು ಕರೆನ್ಸಿ ಕನ್ವರ್ಟರ್ ಐತಿ. ಜಿಯುಐ ಅಂದ್ರ ಏನು ಅಂತ ಅಷ್ಟು ಸಣ್ಣದ್ರಾಗ ಅಷ್ಟು ಚಂದ ತೋರಿಸಿದ್ದು ನಾ ಬ್ಯಾರೆ ಕಡೆ ನೋಡಿಲ್ಲ. ಅದಕ್ಕ ಹೊಟ್ಟಿ ಉರೀತದ.


ಹಳೇ ಗಿರಾಕಿ
ಸೋಮವಾರ, ಬೆಳಿಗ್ಗೆ 6:30

ಬಿಸಿಲು ಅವರ ಮಾತು ಅರ್ಧ ಒಪ್ಪುತ್ತೇನೆ. ಹಳೆಯ ಪುಸ್ತಕದ ಕೋಡು ಓಡುವುದಿಲ್ಲ, ನಿಜ. ಆದರೆ ಅದರೊಳಗಿನ ತಿಳಿವಳಿಕೆಗೆ ಮುಕ್ಕಾಗುವುದಿಲ್ಲ. ಪೆಟ್ಜೋಲ್ಡ್ ಪುಸ್ತಕ ಮೊದಲು ಬಂದದ್ದು 1988ರಲ್ಲಿ. ನಾನು ಓದಿದ್ದು ಐದನೆಯ ಆವೃತ್ತಿ, 1998ರದ್ದು. ಇಟ್ಟಿಗೆಯಷ್ಟು ದಪ್ಪ. ಒಂದು ಖಾಲಿ ಕಿಟಕಿ ತೆರೆದು ನಡುವೆ ಒಂದು ಸಾಲು ಬರೆಸುವುದಕ್ಕೇ ಅದರಲ್ಲಿ ಪುಟಗಟ್ಟಲೆ ಸಿ ಭಾಷೆಯ ಕೋಡು. ಪಕ್ಕದ ಮೇಜಿನವರು ಅದೇ ಹೊತ್ತಿನಲ್ಲಿ ವಿಷುಯಲ್ ಬೇಸಿಕ್ 6ರಲ್ಲಿ ಬಟನ್ ಎಳೆದು ತಂದಿಟ್ಟು, ಎರಡು ಸಲ ಕ್ಲಿಕ್ಕಿಸಿ, ಮಧ್ಯಾಹ್ನದ ಊಟಕ್ಕೆ ಮೊದಲು ಬಿಲ್ಲಿಂಗ್ ಆ್ಯಪಿನ ಅರ್ಧ ಮುಗಿಸಿರುತ್ತಿದ್ದರು. ನಾನಿನ್ನೂ ಖಾಲಿ ಕಿಟಕಿ ಒರೆಸುತ್ತಾ ಕೂತಿರುತ್ತಿದ್ದೆ.

ಆದರೂ ಒಂದು ವಿಷಯ ತಲೆಗೆ ಇಳಿದದ್ದು ಆ ಪುಸ್ತಕದಿಂದಲೇ. ಕಪ್ಪು ಪರದೆಯ ಪ್ರೋಗ್ರಾಂ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ: ಮೊದಲು ಹೆಸರು ಬರಿ, ಆಮೇಲೆ ನಂಬರು ಬರಿ ಎಂದು ತಾನೇ ಹೇಳುತ್ತಾ ಹೋಗುತ್ತದೆ. ಕಿಟಕಿಯ ಪ್ರೋಗ್ರಾಂ ಹಾಗಲ್ಲ. ಅದು ದಿನಸಿ ಅಂಗಡಿಯ ಶೆಟ್ಟರ ಹಾಗೆ ಗಲ್ಲಾದ ಮೇಲೆ ಸುಮ್ಮನೆ ಕೂತಿರುತ್ತದೆ. ಗಿರಾಕಿ ಬಂದ, ಅಕ್ಕಿ ಕೇಳಿದ, ಕೊಟ್ಟರು, ಮತ್ತೆ ಕೂತರು. ಮೌಸ್ ಒತ್ತಿದ್ದು, ಕೀಲಿ ತಟ್ಟಿದ್ದು, ಮುಚ್ಚಿಹೋಗಿದ್ದ ಕಿಟಕಿಯ ಮೂಲೆ ಮತ್ತೆ ಕಾಣಿಸಿಕೊಂಡದ್ದು ಎಲ್ಲವೂ ಸಾಲಿನಲ್ಲಿ ನಿಂತ ಗಿರಾಕಿಗಳೇ. ಅದನ್ನು ಮೆಸೇಜ್ ಲೂಪ್ ಅನ್ನುತ್ತಾರೆ. ಟಿಕಿಂಟರಿನಲ್ಲಿ ಮೇನ್‌ಲೂಪ್, ಕ್ಯೂಟಿಯಲ್ಲಿ ಎಕ್ಸೆಕ್, ಹೆಸರು ಯಾವುದಾದರೂ ಒಳಗೆ ಶೆಟ್ಟರೇ. ಅವರು "ಒಂದ್ನಿಮಿಷ ಇರಿ" ಎಂದು ಗೋದಾಮಿಗೆ ಮೂಟೆ ಎಣಿಸಲು ಹೋದರೆ ಸಾಲು ಅಲ್ಲೇ ನಿಲ್ಲುತ್ತದೆ. ಪರದೆ ಮಂಕಾಗಿ 'ಪ್ರತಿಕ್ರಿಯಿಸುತ್ತಿಲ್ಲ' ಎಂದು ಬರುವುದು ಆಗಲೇ. ನಾಲ್ಕು ಸಾವಿರ ಪುಸ್ತಕದ ಪಟ್ಟಿಯನ್ನು ಬಟನ್ ಒತ್ತಿದೊಡನೆ ಒಂದೇ ಉಸಿರಿಗೆ ಆಮದು ಮಾಡಲು ಹೋದರೆ ನಿಮಗೂ ಅದೇ ಆಗುತ್ತದೆ.

ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಕೊಳ್ಳುವ ಮುನ್ನ ಎಚ್ಚರ: 2013ರ ಆರನೆಯ ಆವೃತ್ತಿಯ ಮುಖಪುಟದಲ್ಲಿರುವುದು ಅದೇ ಹೆಸರು, ಒಳಗಿರುವುದು ವಿಂಡೋಸ್ 8ರ ಆ್ಯಪುಗಳು, ಸಿ ಶಾರ್ಪ್ ಮತ್ತು ಝ್ಯಾಮಲ್ ಎಂಬ ಬೇರೆ ಭಾಷೆಗಳು. ಹೆಸರು ನೋಡಿ, ಆವೃತ್ತಿ ನೋಡದೆ ತರಿಸಿಕೊಂಡವನು ನಾನು. ತಪ್ಪು ನನ್ನದೇ.


ಬೆಳವಲದ ಬಿಸಿಲು
ಸೋಮವಾರ, ಬೆಳಿಗ್ಗೆ 8:11

ಶೆಟ್ರ ಗಲ್ಲಾ ಮಸ್ತ್ ಐತ್ರಿ ಹಿರಿಯರ, ನಾ ಕದೀತೀನಿ ಅದನ್ನ.

ಆದ್ರ ಒಂದು ಮಾತು. ನಿಮಗ ಹಳೇ ಪುಸ್ತಕ ಓದಿದ್ರ 'ಓಹೋ, ಇದು ಈಗ ಹಿಂಗಾಗೇತಿ' ಅಂತ ಮನಸ್ಸಿನ್ಯಾಗ ತಿದ್ದಿಕೋತೀರಿ. ಹೊಸಬರಿಗೆ ಆ ತಿದ್ದುಪಡಿ ಬರಂಗಿಲ್ಲ. ಎರರ್ ಬಂತು ಅಂದ್ರ, ತಪ್ಪು ನಂದೋ ಪುಸ್ತಕದ್ದೋ ಅನ್ನೋದ ಗೊತ್ತಾಗಂಗಿಲ್ಲ. ಇಡೀ ರಾತ್ರಿ ತಮ್ಮ ಸ್ಪೆಲ್ಲಿಂಗ್ ಹುಡಕ್ಕೋತ ಕುಂಡರತಾರ. ಎರಡು ರಾತ್ರಿ ಹಂಗಾದ್ರ 'ನನಗ ಇದು ಒಗ್ಗಂಗಿಲ್ಲ' ಅಂತ ಎದ್ದು ಹೋಗತಾರ. ಮೊದಲ ಪುಸ್ತಕ ಶ್ರೇಷ್ಠ ಇರಬೇಕಾಗಿಲ್ಲ. ಅಚ್ಚಾದ ಕೋಡನ್ನ ಇದ್ದಂಗ ಹೊಡದ್ರ ಇವತ್ತು, ನಿಮ್ಮ ಮಷೀನಿನ್ಯಾಗ, ಓಡಬೇಕು. ನನ್ನದು ಅದೊಂದ ಷರತ್ತು.


ಅರೆಬೆಂದ ಕೋಡು
ಸೋಮವಾರ, ಮಧ್ಯಾಹ್ನ 1:20

ಇಷ್ಟೆಲ್ಲ ಯಾಕೆ? ಬ್ರೌಸರಿನಲ್ಲೇ ಮಾಡಿ. ಎಚ್‌ಟಿಎಂಎಲ್ ಕಲಿತರೆ ಎಲ್ಲಾ ಕಡೆ ನಡೆಯುತ್ತೆ. ಡೆಸ್ಕ್‌ಟಾಪೇ ಬೇಕು ಅಂದ್ರೆ ಎಲೆಕ್ಟ್ರಾನ್ ಇದೆ.


ಕಪಾಟಿನ ಹುಳು
ಸೋಮವಾರ, ರಾತ್ರಿ 8:55

ಸಂಘದಲ್ಲಿ ಇಂಟರ್‌ನೆಟ್ ಇಲ್ಲ ಸಾರ್. ಯಾರಾದ್ರೂ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ರೆ ಉಂಟು. ಇರೋದು ದಾನಕ್ಕೆ ಬಂದ ಒಂದು ಹಳೇ ಲ್ಯಾಪ್‌ಟಾಪ್.


ಸಜ್ಜಿಗೆ ಬಜಿಲ್
ಸೋಮವಾರ, ರಾತ್ರಿ 9:03

ಎಲೆಕ್ಟ್ರಾನ್ ಅಂದ್ರೆ ಪ್ರತಿ ಆ್ಯಪಿನ ಹೊಟ್ಟೆಯೊಳಗೂ ಒಂದು ಇಡೀ ಕ್ರೋಮಿಯಂ ಬ್ರೌಸರ್ ಇಟ್ಟು ಕಳಿಸುವುದು. ದಾನಕ್ಕೆ ಬಂದ ಲ್ಯಾಪ್‌ಟಾಪಿನ ಮೇಲೆ ಸ್ವಲ್ಪ ಕರುಣೆ ಬೇಡವಾ?


ಅರೆಬೆಂದ ಕೋಡು
ಸೋಮವಾರ, ರಾತ್ರಿ 9:10

ಇಂಟರ್‌ನೆಟ್ ಇಲ್ಲ ಅಂತ ಮೊದಲೇ ಹೇಳಿದ್ರೆ ಬಾಯಿ ಬಿಡ್ತಿರಲಿಲ್ಲ. ಆದ್ರೂ ಆ ಲ್ಯಾಪ್‌ಟಾಪಿನಲ್ಲಿ ಯಾವ ಸಿಸ್ಟಂ ಇದೆ ನೋಡ್ಕೊಳ್ಳಿ. ವಿಂಡೋಸ್ 7 ಆಗಿದ್ರೆ ಪೈಥಾನ್ 3.8ರ ಆಚೆಗೆ ಹೋಗೋಕಾಗಲ್ಲ. ಕ್ಯೂಟಿ 6 ಅಂತೂ ವಿಂಡೋಸ್ 10 ಇಲ್ಲದೆ ಮುಖಾನೇ ತೋರಿಸಲ್ಲ.


ಕಪಾಟಿನ ಹುಳು
ಮುಂದಿನ ಭಾನುವಾರ, ರಾತ್ರಿ 10:30

ವರದಿ ಒಪ್ಪಿಸ್ತಿದ್ದೀನಿ. ಮೂರ್ ಪುಸ್ತಕ ತರಿಸಿದೆ. ಆವರಣ ಚಿಹ್ನೆಯ ಹೊಂಡಕ್ಕೆ ಬಿದ್ದೆ, ಎರಡು ಸಲ. ಆದ್ರೂ ಒಂದು ವಾರಕ್ಕೆ ನನ್ನ ಮನೆ ವಿಂಡೋಸಿನಲ್ಲಿ ಫಾರ್ಮ್ ಬಂತು: ಪುಸ್ತಕದ ಹೆಸರು, ಲೇಖಕರು, ಸದಸ್ಯರ ಸಂಖ್ಯೆ, ಎರಡು ಬಟನ್. ಎಷ್ಟು ಖುಷಿ ಅಂದ್ರೆ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

ಇವತ್ತು ಸಂಜೆ ಪೆನ್ ಡ್ರೈವಿನಲ್ಲಿ ಸಂಘಕ್ಕೆ ಒಯ್ದೆ. ಅಲ್ಲಿನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿದ್ದಾರೆ. ಆ್ಯಪ್ ತೆರೀತು. ಮೇಲ್ಗಡೆ ದೊಡ್ಡದಾಗಿ 'ಗ್ರಂಥಾಲಯ' ಅಂತ ಬರಬೇಕಿತ್ತು. ಬಂದದ್ದು ಹೀಗೆ: ಮೊದಲು ಒಂದು ಗ, ಅದರ ಪಕ್ಕ ಅನಾಥವಾಗಿ ನಿಂತ ಒಂದು ಕೊಂಬಿನಂಥ ಗುರುತು, ಆಮೇಲೆ ಪೂರ್ತಿ ರ. ಒತ್ತಕ್ಷರ ಒಂದೂ ಕೂಡ್ಕೊಂಡಿಲ್ಲ. ಲೇಖಕರ ಹೆಸರುಗಳಂತೂ ಓದೋ ಹಾಗೇ ಇಲ್ಲ. ಮೇಷ್ಟ್ರು ಕನ್ನಡಕ ಒರೆಸಿ ಮತ್ತೊಂದು ಸಲ ನೋಡಿದರು. ಈ ಸಲ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು.

ಫಾಂಟ್ ಬದಲಾಯಿಸಿ ನೋಡಿದೆ. ಮೂರು ಫಾಂಟ್. ಅದೇ ಕತೆ. ಅದೇ ಮಷೀನಿನ ಫೈರ್‌ಫಾಕ್ಸಿನಲ್ಲಿ ಕನ್ನಡ ಚೆನ್ನಾಗೇ ಬರುತ್ತೆ. ನಾನೇನು ತಪ್ಪು ಮಾಡಿದೆ?


ಇರುಳು ಪಾಳಿ
ಭಾನುವಾರ, ರಾತ್ರಿ 11:48

ನಿಮ್ಮ ತಪ್ಪಿಲ್ಲ, ಫಾಂಟಿನದೂ ಅಲ್ಲ.

ಯೂನಿಕೋಡಿನಲ್ಲಿ (ಎಲ್ಲಾ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಒತ್ತಕ್ಷರ ಅಂತ ಬೇರೆ ಅಕ್ಷರ ಇಲ್ಲ. 'ಸ್ತ್ರೀ' ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ: ಸ, ವಿರಾಮ ಚಿಹ್ನೆ (ವ್ಯಂಜನವನ್ನು ಅರ್ಧ ಮಾಡುವ ಹಲಂತ), ತ, ಮತ್ತೆ ವಿರಾಮ, ರ, ದೀರ್ಘ ಈ ಚಿಹ್ನೆ. ಪೈಥಾನಿಗೆ ಅದರ ಉದ್ದ ಕೇಳಿ ನೋಡಿ, 6 ಅಂತಲೇ ಹೇಳುತ್ತೆ. ಆ ಆರನ್ನು ಫಾಂಟಿನ ನಿಯಮದ ಪ್ರಕಾರ ಬೆಸೆದು ಒಂದು ಆಕಾರ ಮಾಡುವ ಕೆಲಸಕ್ಕೆ ಶೇಪಿಂಗ್ ಅನ್ನುತ್ತಾರೆ. ವಿಂಡೋಸಿನಲ್ಲಿ ಅದನ್ನು ಸಿಸ್ಟಂ ಮಾಡಿಕೊಡುತ್ತೆ, ಮ್ಯಾಕಿನಲ್ಲೂ ಹಾಗೇ. ಲಿನಕ್ಸಿನಲ್ಲಿ ಫೈರ್‌ಫಾಕ್ಸ್, ಲಿಬ್ರೆಆಫೀಸ್, ಜಿಟಿಕೆ (ಕ್ಯೂಟಿಯಂಥದ್ದೇ ಇನ್ನೊಂದು ಸಲಕರಣೆ), ಕ್ಯೂಟಿ ಎಲ್ಲವೂ ಹಾರ್ಫ್‌ಬಝ್ ಅನ್ನೋ ಲೈಬ್ರರಿಯ ಕೈಲಿ ಮಾಡಿಸಿಕೊಳ್ಳುತ್ತವೆ. ಟಿಕಿಂಟರಿನ ಅಡಿಯಲ್ಲಿರುವ ಟಿಕೆ 8.6 ಲಿನಕ್ಸಿನಲ್ಲಿ ಹಾಗೆ ಮಾಡಲ್ಲ. ಒಂದು ಸಂಕೇತಕ್ಕೆ ಒಂದು ಆಕಾರ ಅಂತ ಸಾಲಾಗಿ ಇಟ್ಟುಕೊಂಡು ಹೋಗುತ್ತೆ. ಇಂಗ್ಲಿಷಿಗೆ ಸಾಕು. ಕನ್ನಡ, ಹಿಂದಿ, ಅರೇಬಿಕ್ ಬರೆಯೋರಿಗೆ ಸಾಲದು.

ಟಿಕೆ ಹುಟ್ಟಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಬರ್ಕ್ಲಿಯಲ್ಲಿ, ಜಾನ್ ಔಸ್ಟರ್‌ಹೌಟ್ ಅವರ ಕೈಯಲ್ಲಿ. ಆಗಿನ್ನೂ ನಮ್ಮ ಒತ್ತಕ್ಷರ ಅವರ ಕಿವಿಗೆ ಬಿದ್ದಿರಲಿಲ್ಲ.

ನಿಮ್ಮ ಮುಂದಿರುವ ದಾರಿ: ಕ್ಯೂಟಿ, ಇಲ್ಲವೇ ಜಿಟಿಕೆ, ಇಲ್ಲವೇ ಲಿನಕ್ಸಿನಲ್ಲಿ ಜಿಟಿಕೆಯನ್ನೇ ಬಳಸುವ ಡಬ್ಲ್ಯುಎಕ್ಸ್‌ಪೈಥಾನ್. ಜಾವಾ ಬರ್ತಿದ್ರೆ ಸ್ವಿಂಗ್ ಕೂಡ ಆದೀತು, ಜಾವಾ 9ರಿಂದ ಅದರೊಳಗೂ ಹಾರ್ಫ್‌ಬಝ್ ಇದೆ.


ಸಜ್ಜಿಗೆ ಬಜಿಲ್
ಸೋಮವಾರ, ಬೆಳಿಗ್ಗೆ 7:05

ಅಯ್ಯೋ ದೇವರೇ. ತಪ್ಪಾಯ್ತು ಮಾರಾಯ್ರೆ. ನಾನು ಟಿಕಿಂಟರಿನಲ್ಲಿ ಆರು ವರ್ಷದಿಂದ ಬರೀತಾ ಇದ್ದೇನೆ, ಆದರೆ ಬಟನಿನ ಮೇಲೆ ಇಂಗ್ಲಿಷೇ ಬರೆದದ್ದು. ಕನ್ನಡದಲ್ಲಿ ಬರೆದು ನೋಡಬೇಕು ಅಂತಲೇ ತಲೆಗೆ ಬರಲಿಲ್ಲ. ನಾಚಿಕೆ ಆಗ್ತದೆ ಹೇಳಲಿಕ್ಕೆ.

ಪುಸ್ತಕದ ದುಡ್ಡು ಪೂರ್ತಿ ನೀರಿಗೆ ಹೋಗಲಿಲ್ಲ ಅಂತ ಸಮಾಧಾನ ಹೇಳ್ತೇನೆ. ಗ್ರಿಡ್ ಗೊತ್ತಾದವರಿಗೆ ಕ್ಯೂಟಿಯ ಗ್ರಿಡ್ ಲೇಔಟ್ ಹತ್ತು ನಿಮಿಷದ ಕೆಲಸ. ಆ ಪುಸ್ತಕದಲ್ಲಿ ಫಾರ್ಮು, ದಾಖಲೆ, ಅವೆರಡರ ನಡುವಿನ ಓಡಾಟ ಅಂತ ಫೈಲುಗಳನ್ನು ಬೇರೆ ಬೇರೆ ಮಾಡುವ ಭಾಗ ಉಂಟಲ್ಲ, ಅದನ್ನು ಮಾತ್ರ ಓದದೆ ಬಿಡಬೇಡಿ.


ಬೆಳವಲದ ಬಿಸಿಲು
ಸೋಮವಾರ, ಬೆಳಿಗ್ಗೆ 8:40

ನಾ ಮೊದಲ ಷರತ್ತಿನ್ಯಾಗ ಒಂದು ಮಾತು ಬಿಟ್ಟಿದ್ದೆ ಹಂಗಾರ. ಕೋಡು ಓಡಿದ್ರ ಸಾಲದು, ನಿಮ್ಮ ಅಕ್ಷರ ಮೂಡಬೇಕು. ಯಾವುದ ಟೂಲ್‌ಕಿಟ್ಟಿನ ಪುಸ್ತಕ ಕೊಳ್ಳೂದಿದ್ರೂ ಮೊದಲ ಐದು ಸಾಲಿನ ಪ್ರೋಗ್ರಾಂ ಬರದು, 'ಶ್ರೀಕೃಷ್ಣದೇವರಾಯ' ಅಂತ ತೋರಿಸು ಅಂತ ಹೇಳ್ರಿ. ಅದೂ ಕೊನೀಗೆ ಎಲ್ಲಿ ಓಡಬೇಕೋ ಆ ಮಷೀನಿನ್ಯಾಗ. ಆಮ್ಯಾಲ ರೊಕ್ಕ ಕೊಡ್ರಿ.

ಈಗ ಪುಸ್ತಕ. ಮಾರ್ಟಿನ್ ಫಿಟ್ಜ್‌ಪ್ಯಾಟ್ರಿಕ್ ಅವರ 'ಕ್ರಿಯೇಟ್ ಜಿಯುಐ ಅಪ್ಲಿಕೇಶನ್ಸ್ ವಿತ್ ಪೈಥಾನ್ ಆ್ಯಂಡ್ ಕ್ಯೂಟಿ 6' ತಗೋರಿ. ಅದರಾಗ ಎರಡು ನಮೂನಿ ಅದಾವ, ಪೈಕ್ಯೂಟಿಗೆ ಒಂದು, ಪೈಸೈಡಿಗೆ ಒಂದು. ಪೈಸೈಡಿಂದ ತಗೋರಿ. ಎರಡೂ ಒಂದ ಕ್ಯೂಟಿಗೆ ಹೊಲಿದ ಎರಡು ಅಂಗಿ ಇದ್ದಂಗ. ಪೈಕ್ಯೂಟಿ ರಿವರ್‌ಬ್ಯಾಂಕ್ ಕಂಪನೀದು, ಜಿಪಿಎಲ್ (ಹಂಚಿದ್ರ ನಿಮ್ಮ ಕೋಡೂ ತೆರದಿಡಬೇಕು ಅನ್ನೋ ಲೈಸೆನ್ಸ್) ಇಲ್ಲಾ ರೊಕ್ಕದ ಲೈಸೆನ್ಸ್. ಪೈಸೈಡ್ ಕ್ಯೂಟಿಯವರದ, ಎಲ್‌ಜಿಪಿಎಲ್, ಅದು ಅಷ್ಟು ಬಿಗಿ ಅಲ್ಲ. ನಿಮ್ಮ ಗ್ರಂಥಾಲಯಕ್ಕ ಯಾವುದಾದ್ರೂ ನಡೀತದ, ಆದ್ರ ನಾಳೆ ಯಾರರ ಅಂಗಡಿಯವರು 'ನಮಗೂ ಒಂದು ಮಾಡಿಕೊಡ್ರಿ' ಅಂದ್ರ ಕೈ ಕಟ್ಟಿರಬಾರದು.

ಓದೂ ಕ್ರಮ ಹೇಳತೀನಿ. ಸಿಗ್ನಲ್, ಲೇಔಟ್, ಡೈಲಾಗ್ ಅಧ್ಯಾಯ ಕೈಯಿಂದ ಟೈಪ್ ಮಾಡಿಕೋತ ಓದ್ರಿ, ಕಾಪಿ ಹೊಡೀಬ್ಯಾಡ್ರಿ. ಕ್ಯೂಟಿ ಡಿಸೈನರಿನ್ಯಾಗ ಎಳೆದು ಇಡೂದು ಆಮ್ಯಾಲ. ಮೊದಲ ಅದನ್ನ ಹಿಡದವರಿಗೆ ಕಿಟಕಿ ಸಣ್ಣದು ದೊಡ್ಡದು ಮಾಡಿದಾಗ ಬಟನ್ ಯಾಕ ಮೂಲಿಗೆ ಹೋಗಿ ಕುಂತಾವ ಅಂತ ತಿಳಿಯಂಗಿಲ್ಲ. ಕ್ಯೂಎಂಎಲ್ (ಪರದೆ ಬರಿಯಾಕ ಕ್ಯೂಟಿಯ ಬ್ಯಾರೆ ಭಾಷಾ) ಎಲ್ಲೆರ ಕಂಡ್ರ ಹಾರಿಸ್ರಿ, ನಿಮಗ ಬ್ಯಾಡ ಅದು. ಮಾಡೆಲ್ ವ್ಯೂ ಅನ್ನೋ ಅಧ್ಯಾಯ ಬಂತು ಅಂದ್ರ ಅಲ್ಲಿ ಒಂದು ವಾರ ಡೇರೆ ಹಾಕ್ರಿ. ತಲಿ ಕೆಡತದ. ಕೆಟ್ಟರೂ ಬಿಡಬ್ಯಾಡ್ರಿ.

ದಾಖಲೆ ಇಡಾಕ ಎಸ್‌ಕ್ಯೂಲೈಟ್. ಪೈಥಾನಿನ ಒಳಗ ಐತಿ.


ಕಪಾಟಿನ ಹುಳು
ಎರಡು ವಾರದ ನಂತರ, ಶನಿವಾರ, ಸಂಜೆ 6:12

ಡೇರೆ ಹಾಕಿದ್ದೀನಿ. ತಲೆ ಕೆಟ್ಟಿದೆ.

ಒಳ್ಳೇ ಸುದ್ದಿ ಮೊದಲು: ಸಂಘದ ಲ್ಯಾಪ್‌ಟಾಪಿನಲ್ಲಿ ಗ್ರಂಥಾಲಯ ಅಂದ್ರೆ ಗ್ರಂಥಾಲಯ ಅಂತಲೇ ಬಂತು. ಮೇಷ್ಟ್ರು "ಹಾಂ" ಅಂದರು. ಆದ್ರೆ ಈ ಮಾಡೆಲ್ ಯಾಕೆ ಬೇಕು ಅಂತಲೇ ಅರ್ಥ ಆಗ್ತಿಲ್ಲ. ಪಟ್ಟಿ ತೋರಿಸೋ ವಿಜೆಟ್ ಇದೆ, ಅದರೊಳಗೆ ಒಂದೊಂದೇ ಸಾಲು ತುಂಬಿದ್ರೆ ಆಯ್ತಲ್ಲ? ಪುಸ್ತಕ ಯಾಕೆ ಇಷ್ಟು ಸುತ್ತಿ ಬಳಸಿ ಹೋಗುತ್ತೆ?


ಹಳೇ ಗಿರಾಕಿ
ಶನಿವಾರ, ರಾತ್ರಿ 8:30

ನೀವು ಗ್ರಂಥಾಲಯದವರು, ನಿಮಗೆ ಇದು ಬೇರೆಯವರಿಗಿಂತ ಬೇಗ ಹಿಡಿಯಬೇಕು. ದೊಡ್ಡ ಗ್ರಂಥಾಲಯಗಳಲ್ಲಿ ಹಿಂದೆ ಸಣ್ಣ ಸಣ್ಣ ಮರದ ಡ್ರಾಯರುಗಳ ಬೀರು ಇರುತ್ತಿತ್ತಲ್ಲ, ಒಂದು ಸಾಲಿನ ಡ್ರಾಯರಿನಲ್ಲಿ ಲೇಖಕರ ಹೆಸರಿನಂತೆ ಜೋಡಿಸಿದ ಕಾರ್ಡು, ಇನ್ನೊಂದರಲ್ಲಿ ಪುಸ್ತಕದ ಹೆಸರಿನಂತೆ, ಮತ್ತೊಂದರಲ್ಲಿ ವಿಷಯದಂತೆ. ಪುಸ್ತಕ ಒಂದೇ, ಕಾರ್ಡು ಮೂರು. ಪುಸ್ತಕ ಕಳೆದುಹೋದರೆ ಮೂರೂ ಕಾರ್ಡು ಹುಡುಕಿ ತೆಗೆಯಬೇಕು. ಒಂದನ್ನು ಮರೆತರೆ, ಇಲ್ಲದ ಪುಸ್ತಕಕ್ಕಾಗಿ ಓದುಗ ಕಪಾಟೆಲ್ಲ ಜಾಲಾಡುತ್ತಾನೆ.

ವಿಜೆಟ್ಟಿನೊಳಗೆ ಸಾಲು ತುಂಬುವುದೆಂದರೆ ಕಾರ್ಡು ಬರೆದಿಡುವುದು. ಮಾಡೆಲ್ ಎಂದರೆ ಕಾರ್ಡಿಲ್ಲದೆ, ಪುಸ್ತಕದ ಕಡೆಗೇ ತೆರೆದಿರುವ ಮೂರು ಕಿಟಕಿ. ಎಲ್ಲಿ ತಿದ್ದಿದರೂ ತಿದ್ದಿದ್ದು ಪುಸ್ತಕವನ್ನೇ, ಆದ್ದರಿಂದ ಉಳಿದ ಕಿಟಕಿಗಳಲ್ಲೂ ಅದೇ ಕಾಣುತ್ತದೆ. ಇದನ್ನು ಹೊಳೆಯಿಸಿಕೊಂಡವರು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್, 1979ರ ಸುಮಾರಿಗೆ, ಝೆರಾಕ್ಸ್ ಪಾರ್ಕ್ ಸಂಶೋಧನಾಲಯಕ್ಕೆ ಹೋಗಿದ್ದಾಗ. ಕ್ಯೂಟಿ ಹುಟ್ಟಿದ್ದೂ ನಾರ್ವೆಯಲ್ಲೇ. ಕಾಕತಾಳೀಯ ಇರಬಹುದು, ನನಗೆ ಮಾತ್ರ ಚೆಂದ ಅನ್ನಿಸುತ್ತದೆ.


ಕಪಾಟಿನ ಹುಳು
ಶನಿವಾರ, ರಾತ್ರಿ 9:15

ಕಾರ್ಡು! ಹೀಗೆ ಹೇಳಿದ್ರೆ ಯಾರಿಗೆ ತಿಳಿಯಲ್ಲ. ಡೇರೆ ಕಿತ್ತೆ, ಮುಂದೆ ಹೊರಟೆ.


ಕಪಾಟಿನ ಹುಳು
ಮರುವಾರ, ಗುರುವಾರ, ರಾತ್ರಿ 10:50

ಇನ್ನೊಂದು. ಎಕ್ಸೆಲಿನಲ್ಲಿದ್ದ ಹಳೇ ಪಟ್ಟಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿತ್ತು, ಅದನ್ನ ಯೂನಿಕೋಡಿಗೆ ತಿರುಗಿಸೋಕೇ ಮೂರು ದಿನ ಹೋಯ್ತು. ಆ ಗೋಳು ಬೇಡ. ಈಗ ಪಟ್ಟಿ ಬಂದಿದೆ, ತಲೆಬರಹ ಒತ್ತಿದ್ರೆ ಅಕಾರಾದಿಯಾಗಿ ಜೋಡಣೆಯೂ ಆಗುತ್ತೆ. ಮೇಷ್ಟ್ರು ಕೂತು ಓದುತ್ತಾ ಓದುತ್ತಾ ಒಂದು ಕಡೆ ಬೆರಳಿಟ್ಟರು. 'ಕಳ್ಳ' ಅಂತ ಶುರುವಾಗೋ ಪುಸ್ತಕ 'ಕವಿ' ಅಂತ ಶುರುವಾಗೋದಕ್ಕಿಂತ ಮೇಲೆ ಇದೆ. "ಳ ಬರೋದು ಹ ಆದಮೇಲೆ ಕಣಯ್ಯ, ಒಂದನೇ ಕ್ಲಾಸಿಂದು" ಅಂದರು. ಉಳಿದದ್ದೆಲ್ಲ ಸರಿ ಇದೆ, ಇದೊಂದು ಮಾತ್ರ ಯಾಕೆ?


ಇರುಳು ಪಾಳಿ
ಶುಕ್ರವಾರ, ಬೆಳಗಿನ ಜಾವ 1:20

ಮೇಷ್ಟ್ರಿಗೆ ನೂರಕ್ಕೆ ನೂರು. ಯೂನಿಕೋಡಿನ ಕನ್ನಡ ವಿಭಾಗದಲ್ಲಿ ಳ ಕೂತಿರೋದು ಲ ಪಕ್ಕದಲ್ಲಿ, ವ ಗಿಂತ ಮೊದಲು. ಪೈಥಾನ್ ಸುಮ್ಮನೆ ಸಂಕೇತದ ಸಂಖ್ಯೆ ನೋಡಿ ಜೋಡಿಸುತ್ತೆ. ವಿರಾಮ ಚಿಹ್ನೆ ಕಾಗುಣಿತದ ಕೊನೆಗಿರೋದರಿಂದ 'ಕ್ರ' ತಾನಾಗೇ 'ಕೌ' ಆದ ಮೇಲೆ ಬರುತ್ತೆ, ನಿಘಂಟಿನಲ್ಲಿ ಇರೋ ಹಾಗೇ. ಎಡವೋದು ಮುಖ್ಯವಾಗಿ ಳ ಹತ್ತಿರ.

ಉಪಾಯ ಇದೆ. ಹ ಆದ ಮೇಲೆ, ಕಾಗುಣಿತದ ಚಿಹ್ನೆಗಳು ಶುರುವಾಗೋ ಮುಂಚೆ, ಯೂನಿಕೋಡಿನಲ್ಲಿ ಎರಡು ಮನೆ ಖಾಲಿ ಬಿದ್ದಿವೆ. ಹೋಲಿಸುವಾಗ ಮಾತ್ರ ಳ ಇರೋ ಕಡೆಯೆಲ್ಲ ಆ ಮೊದಲ ಖಾಲಿ ಮನೆಯ ಸಂಕೇತ ಇಟ್ಟು ಹೋಲಿಸಿ. ದಾಖಲೆಯನ್ನು ಮುಟ್ಟಬೇಡಿ. ಪಟ್ಟಿಗೂ ಮಾಡೆಲ್‌ಗೂ ನಡುವೆ ಸಾರ್ಟ್ ಫಿಲ್ಟರ್ ಪ್ರಾಕ್ಸಿ ಅಂತ ಒಂದು ಪದರ ಹಾಕಿ, ಅದರ 'ಲೆಸ್ ದ್ಯಾನ್' ಫಂಕ್ಷನ್ನನ್ನು ನೀವೇ ಬರೆದರೆ ಮುಗೀತು. ನಾಲ್ಕು ಸಾಲು.


ಬೆಳವಲದ ಬಿಸಿಲು
ಶುಕ್ರವಾರ, ಬೆಳಿಗ್ಗೆ 8:02

ಇದು ಯಾವ ಪುಸ್ತಕದಾಗೂ ಇಲ್ಲ ನೋಡ್ರಿ. ಮೇಷ್ಟ್ರನ್ನ ನಮ್ಮ ಟೀಮಿಗೆ ಕಳಸ್ರಿ, ಟೆಸ್ಟಿಂಗ್ ಮಾಡಾಕ.


ಕಪಾಟಿನ ಹುಳು
ಭಾನುವಾರ, ರಾತ್ರಿ 9:30

ಳ ಸರಿಹೋಯ್ತು. ಆದ್ರೆ ಇವತ್ತು ಅನಾಹುತ ಆಯ್ತು.

ಮೇಷ್ಟ್ರು ಮೊದಲ ಸಲ ತಾವೇ ಕೂತು ಸಂಜೆಯೆಲ್ಲ ದಾಖಲೆ ತುಂಬಿದರು. ಕೊನೆಗೆ ನೋಡಿದ್ರೆ ಹನ್ನೊಂದು ಪುಸ್ತಕ ಕಾಣೆ. ಅವರು ಹೊಸದಾಗಿ ಸೇರಿಸಿದ್ದಲ್ಲ, ಮೊದಲೇ ಇದ್ದದ್ದು. ಆಮೇಲೆ ತಿಳೀತು. ಫಾರ್ಮಿನ ಕೆಳಗೆ ಅಕ್ಕಪಕ್ಕ ಎರಡು ಬಟನ್ ಇಟ್ಟಿದ್ದೆ, ಒಂದೇ ಅಳತೆ, ಒಂದೇ ಬಣ್ಣ. ಒಂದರ ಮೇಲೆ 'ಉಳಿಸು', ಇನ್ನೊಂದರ ಮೇಲೆ 'ಅಳಿಸು'.

ಬರೆಯುವಾಗ ನನಗೆ ಹೊಳೀಲೇ ಇಲ್ಲ. ನಿಮ್ಮಲ್ಲಿ ಯಾರಿಗಾದ್ರೂ ನಗು ಬಂದ್ರೆ ನಕ್ಕುಬಿಡಿ.


ಸಜ್ಜಿಗೆ ಬಜಿಲ್
ಭಾನುವಾರ, ರಾತ್ರಿ 9:41

ನಕ್ಕು ಮುಗಿಸಿ ಬರೀತಾ ಇದ್ದೇನೆ. ಇಂಗ್ಲಿಷಿನಲ್ಲಿ ಆ ಎರಡು ಪದಕ್ಕೆ ಹೋಲಿಕೆಯೇ ಇಲ್ಲ, ಹಾಗಾಗಿ ಯಾವ ಪುಸ್ತಕದವರಿಗೂ ಈ ಹೊಂಡ ಗೊತ್ತಿಲ್ಲ. ಎರಡನ್ನೂ ದೂರ ಇಡಿ ಮೊದಲು.


ಅರೆಬೆಂದ ಕೋಡು
ಭಾನುವಾರ, ರಾತ್ರಿ 9:50

'ಖಂಡಿತಾ ಅಳಿಸಬೇಕೇ?' ಅಂತ ಒಂದು ಡೈಲಾಗ್ ಹಾಕಿ.


ಹಳೇ ಗಿರಾಕಿ
ಸೋಮವಾರ, ಬೆಳಿಗ್ಗೆ 6:20

ಡೈಲಾಗ್ ಹಾಕಿದರೆ ಮೂರನೆಯ ದಿನಕ್ಕೆ ಓದದೆ 'ಹೌದು' ಒತ್ತುವ ಅಭ್ಯಾಸವಾಗುತ್ತದೆ. ನಾವೆಲ್ಲ ದಿನಾ ಮಾಡುವುದೂ ಅದನ್ನೇ. ಜೋಯಲ್ ಸ್ಪೋಲ್ಸ್ಕಿ 2001ರಲ್ಲಿ 'ಯೂಸರ್ ಇಂಟರ್‌ಫೇಸ್ ಡಿಸೈನ್ ಫಾರ್ ಪ್ರೋಗ್ರಾಮರ್ಸ್' ಎಂಬ ತೆಳ್ಳನೆಯ ಪುಸ್ತಕ ಬರೆದರು. ಅದರಲ್ಲಿನ ಪರದೆಗಳ ಚಿತ್ರಗಳು ಹಳತಾಗಿವೆ, ಮಾತು ಹಳತಾಗಿಲ್ಲ. ಓಡಿಸಬೇಕಾದ ಕೋಡಿಲ್ಲದ್ದರಿಂದ ಬಿಸಿಲು ಅವರ ಷರತ್ತಿಗೂ ಅಡ್ಡಿಯಿಲ್ಲ. ಸಿಕ್ಕರೆ ಓದಿ.

ಆದರೆ ಅದಕ್ಕೂ ಮೊದಲು ಮೇಷ್ಟ್ರನ್ನು ಕೇಳಿ: ರಿಜಿಸ್ಟರಿನಲ್ಲಿ ಪುಸ್ತಕ ತೆಗೆದುಹಾಕುವಾಗ ಅವರು ಏನು ಮಾಡುತ್ತಿದ್ದರು?


ಕಪಾಟಿನ ಹುಳು
ಬುಧವಾರ, ರಾತ್ರಿ 8:45

ಕೇಳಿದೆ. ರಿಜಿಸ್ಟರ್ ತಂದು ತೋರಿಸಿದರು. ಇಷ್ಟು ವರ್ಷದಲ್ಲಿ ಒಂದು ಸಾಲನ್ನೂ ಅಳಿಸಿಲ್ಲ. ಪುಸ್ತಕ ಕಳೆದುಹೋದರೆ, ಗೆದ್ದಲು ತಿಂದರೆ, ಕೆಂಪು ಶಾಯಿಯಲ್ಲಿ ಸಾಲಿನ ಮೇಲೆ ಒಂದು ಗೆರೆ, ಅಂಚಿನಲ್ಲಿ ತಾರೀಕು, ಕಾರಣ. ಅಡಿಯಲ್ಲಿರೋ ಹೆಸರು ಇವತ್ತಿಗೂ ಓದೋಕಾಗುತ್ತೆ. "ಅಳಿಸೋದಲ್ಲ ಕಣಯ್ಯ, ಹೊಡೆದುಹಾಕೋದು" ಅಂದರು.

ಅಳಿಸು ಬಟನ್ ಕಿತ್ತುಹಾಕಿದೆ. 'ಹೊಡೆದುಹಾಕು' ಅಂತ ಒಂದನ್ನ ಮೇಲ್ಗಡೆ ಮೂಲೆಗೆ ಇಟ್ಟೆ. ಉಳಿಸು ಹೋಗಿ 'ಬರೆದಿಡು' ಆಯ್ತು, ಅದೂ ಅವರದ್ದೇ ಮಾತು. ಎಸ್‌ಕ್ಯೂಲೈಟಿನಲ್ಲಿ ತಾರೀಕಿಗೊಂದು, ಕಾರಣಕ್ಕೊಂದು ಕಾಲಂ ಸೇರಿಸಿದ್ದೀನಿ, ಸಾಲು ಎಲ್ಲೂ ಹೋಗಲ್ಲ. ಪಟ್ಟಿಯಲ್ಲಿ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆಯೋಕೆ ಆಗುತ್ತಾ?


ಬೆಳವಲದ ಬಿಸಿಲು
ಬುಧವಾರ, ರಾತ್ರಿ 9:00

ಆಗತದ. ಮಾಡೆಲ್ಲಿನ 'ಡೇಟಾ' ಫಂಕ್ಷನ್ನಿಗೆ ವ್ಯೂ ಬರೇ ಅಕ್ಷರ ಅಷ್ಟ ಕೇಳಂಗಿಲ್ಲ, ಯಾವ ಫಾಂಟು, ಯಾವ ಬಣ್ಣ ಅಂತನೂ ಕೇಳತದ. ಫಾಂಟ್ ರೋಲ್ ಕೇಳಿದಾಗ, ತಾರೀಕಿನ ಕಾಲಂ ತುಂಬಿದ್ರ, ಸ್ಟ್ರೈಕ್‌ಔಟ್ ಹಾಕಿದ ಫಾಂಟ್ ಕೊಡ್ರಿ. ಫೋರ್‌ಗ್ರೌಂಡ್ ರೋಲ್ ಕೇಳಿದಾಗ ಕೆಂಪು. ಗೆರಿ ಅಷ್ಟ ಅಲ್ಲ, ಅಕ್ಷರನೂ ಕೆಂಪ ಆಗತಾವ. ಮೇಷ್ಟ್ರು ಒಪ್ಪತಾರೇನ ಕೇಳಿ ಹೇಳ್ರಿ.


ಕಪಾಟಿನ ಹುಳು
ಶುಕ್ರವಾರ, ರಾತ್ರಿ 9:20

ಒಪ್ಪಿದರು. ಆ ಹನ್ನೊಂದು ಪುಸ್ತಕವನ್ನ ರಿಜಿಸ್ಟರ್ ನೋಡಿಕೊಂಡು ಅವರೇ ಮತ್ತೆ ಬರೆದಿಟ್ಟರು. ನಾನು ಪಕ್ಕದಲ್ಲಿ ಕೂತು ಸಂಖ್ಯೆ ಓದಿದೆ.